ಸಾಕಿದ್ದು ಸಾಕೆ?

ಮನೆಯಲ್ಲಿ ಒಬ್ಬರು ಪರೀಕ್ಷೆಗೆ ಕುಳಿತರೆ ಮನೆಮಂದಿಯೆಲ್ಲ ಕುಳಿತಂತೆಯೇ ಸರಿ. ಈ ಮಾತಿನ ಸತ್ಯ ನನಗೆ ಮನವರಿಕೆಯಾದುದು ನಮ್ಮಾಕೆ ಬಿ.ಎಡ್. ತರಗತಿಗೆ ಸೇರಿದ ಮೇಲೆ. ಹಗಲೆಲ್ಲ ಕಾಲೇಜಿನಲ್ಲಿ ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳಿ ಗಂಟಲು ಒಣಗಿಸಿಕೊಂಡು ಬಂದ ನನಗೆ, ರಾತ್ರಿ ಊಟವಾಗಿ, ನಾಲ್ಕು ವರ್ಷದ ಮಗಳು ಮಲಗಿದ ಮೇಲೆ ಇನ್ನೊಂದು ತರಗತಿ ಆರಂಭವಾಗುತ್ತದೆ. ಅಲ್ಲಿ ನಾನು ಅಧ್ಯಾಪಕನಲ್ಲ. ಅಧ್ಯಾಪಕನ ವೇಷ ಹಾಕಿದ ವಿದ್ಯಾರ್ಥಿ. “ರೀ, ಈ ಪ್ಯಾರಾ ಸ್ವಲ್ಪ ಬಿಡಿಸಿ ಹೇಳಿ. ಕನ್ನಡವೇ, ಆದರೂ ಅರ್ಥವಾಗುವುದಿಲ್ಲ” ಎಂದು ಆಕೆ ಪುಸ್ತಕವನ್ನು ನನ್ನ ಕಡೆಗೆ ತಳ್ಳುತ್ತಾಳೆ. ಕನ್ನಡ ಎಂ.ಎ. ಮಾಡಿದವನೆದುರು ಕನ್ನಡ ಅರ್ಥವಾಗುವುದಿಲ್ಲವೆಂದರೆ ಅವನು ಸುಮ್ಮನಿರುವುದು ಹೇಗೆ? ಹೀಗಾಗಿ ಮಾನವ ವಿಕಾಸದ ಮನಶ್ಶಾಸ್ತ್ರವೆಂಬ ಅರಣ್ಯವನ್ನು ನಾನು ಹೆಂಡತಿಯ ಬೆನ್ನ ಹಿಂದೆಯೇ ಪ್ರವೇಶಿಸಬೇಕಾಯಿತು.

ಅರಣ್ಯದ ಬಾಗಿಲಲ್ಲೇ ಒಂದು ಭೇದವನ್ನು ಬರೆದಿಟ್ಟಿದ್ದಾರೆ. ‘ಬೆಳವಣಿಗೆ’ ಬೇರೆ, ‘ವಿಕಾಸ’ ಬೇರೆ. ಎತ್ತರ, ತೂಕ, ಹಲ್ಲು, ಎಲುಬು—ಇವು ಹೆಚ್ಚುವುದು ಬೆಳವಣಿಗೆ. ದರ್ಜಿಯ ಟೇಪಿನಿಂದಲೂ ಅಂಗಡಿಯ ತಕ್ಕಡಿಯಿಂದಲೂ ಅದನ್ನು ಅಳೆಯಬಹುದು. ಬುದ್ಧಿ, ಭಾವ, ನಡತೆ, ನಂಟು—ಇವು ಮಾಗುತ್ತ ಹೋಗುವುದು ವಿಕಾಸ, ಅದಕ್ಕೆ ಟೇಪಿಲ್ಲ. ಈ ಭೇದವನ್ನು ನಾನು ನಮ್ಮಾಕೆಗೆ ಬಹು ಸೊಗಸಾಗಿ ವಿವರಿಸಿದೆನೆಂದು ಅಂದು ಬೀಗಿದ್ದೆ. ಅದನ್ನು ನಾನೇ ಅರಿಯಬೇಕಾದರೆ ಇನ್ನೂ ಎರಡು ತಿಂಗಳು ಬೇಕಾಗಿತ್ತು.

ಮೊದಮೊದಲು ಈ ಓದು ನನಗೆ ಸಂತೋಷವನ್ನೇ ಕೊಟ್ಟಿತು. ಕಾರಣ, ಪುಟ ತಿರುಗಿಸಿದಲ್ಲೆಲ್ಲ ನನಗೆ ನಮ್ಮ ಅಜ್ಜಿ ಕಾಣಿಸತೊಡಗಿದಳು. ನಾನು ನಾಲ್ಕರಿಂದ ಏಳನೆಯ ವಯಸ್ಸಿನವರೆಗೆ ಬೆಳೆದುದು ತಿಪಟೂರಿನ ಬಳಿಯ ಒಂದು ಹಳ್ಳಿಯಲ್ಲಿ, ತಾಯಿಯ ತಾಯಿಯ ಮಡಿಲಲ್ಲಿ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ತನ್ನ ಮೂವರು ಮಕ್ಕಳ ಆಟಪಾಟಗಳನ್ನೇ ಕೂತು ನೋಡಿ, ಬರೆದಿಟ್ಟು, ಅದರಿಂದ ಒಂದು ದೊಡ್ಡ ಸಿದ್ಧಾಂತವನ್ನು ಕಟ್ಟಿದ ಪಂಡಿತ. ಆತನ ಪ್ರಸಿದ್ಧ ಪ್ರಯೋಗ ಒಂದುಂಟು. ಎರಡು ಲೋಟಗಳಲ್ಲಿ ಸಮವಾಗಿ ನೀರಿಡುವುದು. ಮಗು ಸಮವೆಂದು ಒಪ್ಪಿದ ಮೇಲೆ, ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಉದ್ದನೆಯ ಕಿರಿದಾದ ಲೋಟಕ್ಕೆ ಸುರಿಯುವುದು. “ಈಗ ಯಾವುದರಲ್ಲಿ ಹೆಚ್ಚು?” ಎಂದರೆ ಸುಮಾರು ಏಳು ವರ್ಷದೊಳಗಿನ ಮಗು ಉದ್ದನೆಯ ಲೋಟವನ್ನೇ ತೋರಿಸುತ್ತದೆ. ನೀರು ಏರಿದುದು ಅದಕ್ಕೆ ಕಾಣುತ್ತದೆಯೇ ಹೊರತು, ಅಗಲ ಕುಗ್ಗಿದುದು ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಮಜ್ಜಿಗೆ ಸಾಲದೆಂದು ನಾನು ಹಟ ಹಿಡಿದಾಗಲೆಲ್ಲ ನಮ್ಮ ಅಜ್ಜಿ ಮಾಡುತ್ತಿದ್ದುದೂ ಇದನ್ನೇ. ಅಗಲವಾದ ಬಟ್ಟಲಿನಲ್ಲಿದ್ದ ಮಜ್ಜಿಗೆಯನ್ನು ಉದ್ದನೆಯ ಲೋಟಕ್ಕೆ ಸುರಿದು, “ನೋಡು ಮಗಾ, ಎಷ್ಟೊಂದಾಯ್ತು!” ಎನ್ನುವಳು. ನಾನು ತೃಪ್ತನಾಗಿ ಕುಡಿಯುವೆ. ಸ್ವಿಟ್ಜರ್ಲೆಂಡಿನ ಪಂಡಿತನಿಗೆ ಅದು ಸಿದ್ಧಾಂತ. ಅಜ್ಜಿಗೆ ಅದು ಮಜ್ಜಿಗೆ ಉಳಿಸುವ ಉಪಾಯ.

ರಷ್ಯಾದೇಶದ ಲೆವ್ ವೈಗೋಟ್ಸ್ಕಿಯೂ 1896ರಲ್ಲೇ ಹುಟ್ಟಿದವನು. ಆದರೆ ಕ್ಷಯರೋಗಕ್ಕೆ ತುತ್ತಾಗಿ 1934ರಲ್ಲಿ, ನನಗೆ ಈಗಿರುವ ವಯಸ್ಸಿನಲ್ಲಿ, ಎಂದರೆ ಮೂವತ್ತೇಳರಲ್ಲಿ, ತೀರಿಕೊಂಡ. ಮಗು ತಾನಾಗಿಯೇ ಮಾಡಬಲ್ಲುದು ಒಂದಷ್ಟು. ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಮಾಡಬಲ್ಲುದು ಅದಕ್ಕಿಂತ ಹೆಚ್ಚು. ಈ ಎರಡರ ನಡುವಿನ ಜಾಗದಲ್ಲಿಯೇ ಕಲಿಕೆ ನಡೆಯುವುದೆಂದು ಆತ ಹೇಳಿದ. ಪುಸ್ತಕದಲ್ಲಿ ಆ ಜಾಗಕ್ಕೆ ಮಾರುದ್ದದ ಹೆಸರಿದೆ. ನನ್ನ ಪಾಲಿಗೆ ಆ ಜಾಗ ಅಜ್ಜಿಯ ಮನೆಯ ಅಟ್ಟ. ತಿಪಟೂರು ಸೀಮೆಯಲ್ಲಿ ಬಲಿತ ತೆಂಗಿನಕಾಯಿಗಳನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಕೊಬ್ಬರಿಯಾಗುತ್ತದೆ. ಒಡೆಯದೆ ಇದನ್ನು ತಿಳಿಯುವುದು ಹೇಗೆ? ಕಿವಿಯ ಬಳಿ ಹಿಡಿದು ಕುಲುಕಬೇಕು. ನೀರಿನ ಸದ್ದಾದರೆ ಇನ್ನೂ ಆಗಿಲ್ಲ. ಒಳಗೆ ಗಡಗಡ ಎಂದರೆ ಆಗಿದೆ. ಅಜ್ಜಿ ನನ್ನ ಎರಡು ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಕುಲುಕಿಸುವಳು. “ಏನಂತದೆ?” “ನೀರಂತದೆ.” “ಹಂಗಾದ್ರೆ ಇಡು, ಅವಸರ ಬೇಡ.” ಆರನೆಯ ವಯಸ್ಸಿಗೆ ನಾನು ಆಕೆಯ ಕೈಯಿಲ್ಲದೆಯೇ ಕಾಯಿ ಆರಿಸಬಲ್ಲವನಾಗಿದ್ದೆ.

ಇಲ್ಲಿಯವರೆಗೆ ಎಲ್ಲವೂ ಸುಖವಾಗಿಯೇ ಇತ್ತು. ಮುಂದೆ ಬಂದವನು ಎರಿಕ್ ಎರಿಕ್ಸನ್.

ಎರಿಕ್ಸನ್ (1902–1994) ಜೀವನವನ್ನು ಎಂಟು ಹಂತಗಳಾಗಿ ವಿಂಗಡಿಸಿದ. 1950ರಲ್ಲಿ ಪ್ರಕಟವಾದ ತನ್ನ ಮೊದಲ ಗ್ರಂಥದಲ್ಲೇ ಇದನ್ನು ನಿರೂಪಿಸಿದ. ಒಂದೊಂದು ಹಂತದಲ್ಲೂ ಮನುಷ್ಯ ಒಂದೊಂದು ತಿಕ್ಕಾಟವನ್ನು ಹಾದುಹೋಗಬೇಕು. ಹಸುಳೆಗೆ ನಂಬಿಕೆಯೋ ಅಪನಂಬಿಕೆಯೋ. ತೊದಲು ನಡೆಯ ಮಗುವಿಗೆ ತನ್ನತನವೋ ನಾಚಿಕೆಯೋ. ಮೂರರಿಂದ ಆರರವರೆಗೆ ತಾನಾಗಿ ಮುಂದಡಿಯಿಡುವ ಉತ್ಸಾಹವೋ ತಪ್ಪಿತಸ್ಥನೆಂಬ ಅಳುಕೋ—ಹೀಗೆ ಒಂದು ಕೋಷ್ಟಕ. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಅಭ್ಯಾಸವಾದ ಕೈ ನನ್ನದು. ಕೋಷ್ಟಕವನ್ನು ಕಂಡೊಡನೆ ಅಂಕ ಹಾಕದೆ ಇರಲಾಗಲಿಲ್ಲ. ಪೆನ್ಸಿಲ್ ತೆಗೆದುಕೊಂಡು ನನ್ನ ಬಾಲ್ಯಕ್ಕೆ ನಾನೇ ಅಂಕ ಹಾಕಲಾರಂಭಿಸಿದೆ. ಮೊದಲೆರಡು ಸಾಲುಗಳಲ್ಲಿ ತೇರ್ಗಡೆಯಾದೆ. ಮೂರನೆಯ ಸಾಲಿಗೆ ಬಂದಾಗ ಪೆನ್ಸಿಲ್ ನಿಂತಿತು.

ಏಕೆಂದರೆ 1992ರ ಜೂನ್ ತಿಂಗಳಲ್ಲಿ, ನನ್ನ ನಾಲ್ಕನೆಯ ವಯಸ್ಸಿನಲ್ಲಿ, ಅಮ್ಮ ನನ್ನನ್ನು ಬಿಟ್ಟು ಹೋದಳು. ಆಕೆಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ ಕೆಲಸ ಸಿಕ್ಕಿತ್ತು. ಸಿಕ್ಕಿದ ಊರು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ತಂದೆಗೆ ಬೆಂಗಳೂರಿನ ಒಂದು ವರ್ಕ್‌ಷಾಪಿನಲ್ಲಿ ಕೆಲಸ. ನಾಲ್ವರು ಸೇರಿ ಒಂದು ಕೋಣೆಯಲ್ಲಿ ವಾಸ. ನಾನು ಅಜ್ಜಿಯ ಮನೆಯಲ್ಲಿ ಉಳಿದೆ. ಅಮ್ಮ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ, ದಸರೆಗೆ ಮತ್ತು ಬೇಸಗೆ ರಜಕ್ಕೆ. 1995ರಲ್ಲಿ ತುಮಕೂರು ಜಿಲ್ಲೆಗೆ ವರ್ಗವಾಗುವವರೆಗೆ ಮೂರು ವರ್ಷ ಇದೇ ಕ್ರಮ.

ಇದನ್ನು ನಾನು ಎಂದೂ ದುಃಖದ ಕಥೆಯೆಂದು ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಅದು ನಗುವ ಕಥೆ. ಮೊದಲನೆಯ ದಸರೆಗೆ ಅಮ್ಮ ಬಂದಾಗ ನಾನು ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡು, “ಯಾರೋ ಬಂದವ್ರೆ” ಎಂದೆನಂತೆ. ಹಬ್ಬಹರಿದಿನಗಳಲ್ಲಿ ನೆಂಟರು ಸೇರಿದಾಗಲೆಲ್ಲ ಈ ಕಥೆ ಬರುತ್ತಿತ್ತು, ಎಲ್ಲರೂ ನಗುತ್ತಿದ್ದರು, ಅಮ್ಮನೂ ನಗುತ್ತಿದ್ದಳು.

ಆದರೆ ಎರಿಕ್ಸನ್‌ನ ಮುಂದಿನ ಪುಟದಲ್ಲಿ ಜಾನ್ ಬೌಲ್ಬಿ (1907–1990) ಕಾದು ಕುಳಿತಿದ್ದ. ಈ ಆಂಗ್ಲ ವೈದ್ಯ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿಯನ್ನು ಬರೆದುಕೊಟ್ಟ. ಎಳೆಯ ಮಗುವಿನ ಮನಸ್ಸಿಗೆ ತಾಯಿಯ ಎಡೆಬಿಡದ ನಂಟು ಅತ್ಯವಶ್ಯವೆಂಬುದು ಅದರ ಸಾರ. ಆತನ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಂದ ದೂರವಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಿತ್ರ ತೆಗೆದು 1952ರಲ್ಲಿ ವೈದ್ಯರಿಗೆ ತೋರಿಸಿದ. ಅಲ್ಲಿನ ಆಸ್ಪತ್ರೆಗಳಲ್ಲಿ ಆಗ ತಂದೆತಾಯಿಗಳು ಮಗುವನ್ನು ಇಷ್ಟಬಂದಂತೆ ನೋಡುವ ಹಾಗಿರಲಿಲ್ಲ. 1959ರಲ್ಲಿ ಸರ್ಕಾರಿ ಸಮಿತಿಯೊಂದು ಈ ಕಟ್ಟನ್ನು ಸಡಿಲಿಸಬೇಕೆಂದು ಹೇಳುವುದಕ್ಕೆ ಇಂಥ ಕೆಲಸವೂ ಒಂದು ಕಾರಣ. ತಾಯಿಯನ್ನು ಅಗಲಿದ ಮಗು ಮೂರು ಸ್ಥಿತಿಗಳನ್ನು ಹಾದುಹೋಗುತ್ತದೆಂದು ಇವರು ಕಂಡರು. ಮೊದಲು ಅತ್ತು ರಂಪ ಮಾಡುತ್ತದೆ. ಆಮೇಲೆ ಮಂಕಾಗುತ್ತದೆ. ಕಡೆಗೆ ಸುಮ್ಮನಾಗಿ, ನಗುತ್ತ ಆಡುತ್ತ, ತಾಯಿ ಬಂದರೆ ಪರಿಚಯವೇ ಇಲ್ಲದವರಂತೆ ಮುಖ ತಿರುಗಿಸುತ್ತದೆ. ನೋಡುವವರು ‘ಮಗು ಹೊಂದಿಕೊಂಡಿತು’ ಎನ್ನುತ್ತಾರೆ. ಅದು ಹೊಂದಿಕೊಂಡುದಲ್ಲ, ಕಳಚಿಕೊಂಡುದು.

‘ಯಾರೋ ಬಂದವ್ರೆ.’ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ನಾವು ನಕ್ಕುದು ಯಾವುದಕ್ಕೆ? ಇಂದಿಗೂ ನಾನು ಬಸ್ ನಿಲ್ದಾಣದಲ್ಲಿ ನಿಂತು ಯಾರನ್ನೂ ಬೀಳ್ಕೊಡಲಾರೆ. ಏನಾದರೊಂದು ನೆಪ ಹೇಳಿ ಬಸ್ಸು ಹೊರಡುವ ಮೊದಲೇ ಹಿಂದಿರುಗಿಬಿಡುತ್ತೇನೆ. ಸ್ವಭಾವವೆಂದುಕೊಂಡಿದ್ದೆ. ಈಗ ಅದಕ್ಕೊಂದು ಕಾರಣ ಸಿಕ್ಕಿತು. ಕಾರಣದ ಜೊತೆಗೆ ಒಬ್ಬ ಅಪರಾಧಿಯೂ ಸಿಕ್ಕಿದಂತಾಯಿತು.

ಆ ಅಪರಾಧಿ ನಮ್ಮ ಮನೆಯಲ್ಲೇ ಇದ್ದಳು. ತಂದೆ ಈಗಿಲ್ಲ. ಅಮ್ಮ ನಿವೃತ್ತಳಾಗಿ ನಮ್ಮ ಜೊತೆಗಿದ್ದಾಳೆ. ಮೊಮ್ಮಗಳ ಮೈ ತೊಳೆಯುವುದರಿಂದ ಹಿಡಿದು ಕಥೆ ಹೇಳಿ ಮಲಗಿಸುವವರೆಗೆ ಎಲ್ಲ ಆಕೆಯದೇ. ನಮ್ಮಾಕೆ ಬೆಳಗ್ಗೆ ಪಾಠಾಭ್ಯಾಸಕ್ಕೆ ಹೊರಟಾಗ ಮಗಳು ಸೀರೆ ಹಿಡಿದು ಅಳುವುದು ವಾಡಿಕೆ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಆ ಮಾತು ಬಂದಿತು. ಅಮ್ಮ ಸಮಾಧಾನ ಹೇಳುವಂತೆ ಸೊಸೆಗೆಂದಳು: “ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ. ಹತ್ತು ನಿಮಿಷ ಅಳುತ್ತಾಳೆ, ಆಮೇಲೆ ಆಟಕ್ಕೆ ಬೀಳುತ್ತಾಳೆ. ಮಕ್ಕಳು ಬೇಗ ಮರೆಯುತ್ತವೆ.”

ನಾನು ತಲೆಯೆತ್ತದೆಯೇ ಹೇಳಿದೆ: “ಮರೆಯುವುದಿಲ್ಲಮ್ಮ. ಮರೆತ ಹಾಗೆ ಕಾಣುತ್ತವೆ. ಮೂರು ವರ್ಷ ಮಗನನ್ನು ಬಿಟ್ಟಿದ್ದವಳು ನೀನು. ನಿನಗೆ ಅದು ಗೊತ್ತಿರಬೇಕಿತ್ತು.”

ಅಮ್ಮ ಏನೂ ಅನ್ನಲಿಲ್ಲ. ತಟ್ಟೆಯಲ್ಲಿದ್ದುದನ್ನು ಮುಗಿಸಿ, ಕೈ ತೊಳೆದುಕೊಂಡು, ತನ್ನ ಕೋಣೆಗೆ ಹೋದಳು. ಆ ರಾತ್ರಿ ಮೊಮ್ಮಗಳಿಗೆ ಕಥೆ ಹೇಳಿದುದು ಕೇಳಿಸಲಿಲ್ಲ.

ನಮ್ಮಾಕೆಯ ತರಗತಿ ಅಂದು ಬೇಗನೆ ಆರಂಭವಾಯಿತು. ಅಂದು ಮಾತ್ರ ಆಕೆಯೇ ಅಧ್ಯಾಪಕಿ. “ಎರಡು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು: ಮಾವನವರೂ ಬೆಂಗಳೂರಿನಲ್ಲಿದ್ದರಲ್ಲ, ಅವರ ಲೆಕ್ಕ ಯಾಕೆ ಬರಲಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ. ತಂದೆ ದೂರವಿದ್ದರೆ ದುಡಿಮೆ, ತಾಯಿ ದೂರವಿದ್ದರೆ ಅಪರಾಧ—ಈ ತಕ್ಕಡಿ ನನ್ನಲ್ಲಿ ಎಲ್ಲಿಂದ ಬಂದಿತೋ! “ಎರಡನೆಯದು: ಕೋಷ್ಟಕದಲ್ಲಿ ಎಂಟು ಸಾಲಿದೆ. ನೀವು ಮೂರಕ್ಕೇ ನಿಂತಿದ್ದೀರಿ. ಉಳಿದುದು ಯಾರಿಗೆ?”

ವಾಚಕರೇ, ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಪತ್ರಿಕೆಯನ್ನು ಓದಿ ಬರೆಯುವ ಹುಡುಗರನ್ನು ನಾನು ಎಷ್ಟು ಬಯ್ದಿದ್ದೇನೆಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಅಂದು ಕುಳಿತು ಪೂರ್ತಿ ಓದಿದೆ.

ಆರನೆಯ ಸಾಲು ತಾರುಣ್ಯದ್ದು: ಆಪ್ತತೆಯೋ ಒಂಟಿತನವೋ. 1992ರಲ್ಲಿ ಅಮ್ಮನಿಗೆ ಇಪ್ಪತ್ತೆಂಟು ವರ್ಷ. ಗಂಡ ಒಂದು ಕಡೆ, ಮಗ ಒಂದು ಕಡೆ, ತಾನು ಗುರುತುಪರಿಚಯವಿಲ್ಲದ ಊರಿನ ಒಂದು ಕೋಣೆಯಲ್ಲಿ. ಏಳನೆಯ ಸಾಲು ನಡುವಯಸ್ಸಿನದು: ಮುಂದಿನ ಪೀಳಿಗೆಯನ್ನು ಪೋಷಿಸುವುದೋ, ತನ್ನಲ್ಲೇ ತಾನು ನಿಂತು ಕೊಳೆಯುವುದೋ. ನಾನು ಕಾಲಿಡುತ್ತಿರುವುದು ಅದಕ್ಕೆ. ಎಂಟನೆಯದು ಮುಪ್ಪಿನದು: ಬದುಕಿದ ಬದುಕನ್ನು ‘ಇದು ನನ್ನದು, ಹೀಗೆಯೇ ಆಗಬೇಕಿತ್ತು’ ಎಂದು ಒಪ್ಪಿ ನೆಮ್ಮದಿಯಾಗುವುದೋ, ‘ಎಲ್ಲ ತಪ್ಪಾಯಿತು, ಇನ್ನು ಸಮಯವಿಲ್ಲ’ ಎಂದು ಹತಾಶರಾಗುವುದೋ. ಅಮ್ಮ ಈಗ ಆ ಹೊಸ್ತಿಲಲ್ಲಿದ್ದಾಳೆ. ಊಟದ ಹೊತ್ತಿನಲ್ಲಿ ನಾನು ಆಡಿದ ಒಂದು ಮಾತು ಆಕೆಯನ್ನು ಯಾವ ಕಡೆಗೆ ನೂಕಿತೆಂಬುದನ್ನು ತಿಳಿಯಲು ಯಾವ ಮನಶ್ಶಾಸ್ತ್ರವೂ ಬೇಕಿರಲಿಲ್ಲ. ಇಡೀ ಕೋಷ್ಟಕದಲ್ಲಿ ನಾನು ಓದಿದುದು ನನ್ನ ಸಾಲುಗಳನ್ನು ಮಾತ್ರ. ತಾಯಿಯೂ ವಿಕಾಸ ಹೊಂದುತ್ತಿರುವ ಒಂದು ಜೀವವೆಂಬುದು ನನಗೆ ಹೊಳೆದಿರಲೇ ಇಲ್ಲ.

ಇನ್ನೂ ಒಂದು ಸಂಗತಿ ತಿಳಿಯಿತು. ಈ ಸಿದ್ಧಾಂತಗಳನ್ನು ಬರೆದವರೂ ಒಂದರ್ಥದಲ್ಲಿ ತಮ್ಮ ಬಾಲ್ಯವನ್ನೇ ಬರೆದವರು. ಬೌಲ್ಬಿ ಶ್ರೀಮಂತ ವೈದ್ಯನ ಮಗ. ಅವನನ್ನು ಸಾಕಿದವಳು ತಾಯಿಯಲ್ಲ, ಒಬ್ಬ ದಾದಿ. ಅವನಿಗೆ ಸುಮಾರು ನಾಲ್ಕು ವರ್ಷವಾದಾಗ ಆ ದಾದಿ ಕೆಲಸ ಬಿಟ್ಟು ಹೋದಳು. ಆ ನೋವನ್ನು ಆತ ಕೊನೆಯವರೆಗೂ ಮರೆಯಲಿಲ್ಲ. ಎರಿಕ್ಸನ್ ಹೆತ್ತ ತಂದೆ ಯಾರೆಂದು ತಿಳಿಯದೆ ಬೆಳೆದವನು. ಸಾಕುತಂದೆಯನ್ನೇ ತಂದೆಯೆಂದು ಬಹುಕಾಲ ನಂಬಿಸಿದ್ದರು. ಅಮೆರಿಕದ ಪ್ರಜೆಯಾದಾಗ, 1939ರಲ್ಲಿ, ‘ಎರಿಕ್‌ನ ಮಗ ಎರಿಕ್’ ಎಂಬ ಅರ್ಥ ಬರುವ ಹೆಸರನ್ನು ತಾನೇ ಇಟ್ಟುಕೊಂಡ. ‘ನಾನು ಯಾರು?’ ಎಂಬ ಪ್ರಶ್ನೆಯನ್ನು ಲೋಕಕ್ಕೆಲ್ಲ ಕಲಿಸಿದವನು ಅದನ್ನು ತನ್ನ ಮನೆಯಲ್ಲೇ ಕಲಿತಿದ್ದ. ಅವರು ತಮ್ಮ ಗಾಯದಿಂದ ಪರರ ಮಕ್ಕಳಿಗೆ ಔಷಧವನ್ನು ಅರೆದರು. ನಾನು ಆ ಔಷಧದ ಬಾಟಲಿಯನ್ನೇ ತಾಯಿಯತ್ತ ಎಸೆದೆ.

ವಿದ್ವಾಂಸರು ಬೌಲ್ಬಿಯ ಮಾತನ್ನು ಹಾಗೆಯೇ ಬಿಡಲೂ ಇಲ್ಲ. 1964ರಲ್ಲಿ ಶೆಫರ್ ಮತ್ತು ಎಮರ್ಸನ್ ಎಂಬಿಬ್ಬರು ಗ್ಲಾಸ್ಗೋ ನಗರದ 60 ಹಸುಳೆಗಳನ್ನು ನೋಡಿ, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಒಬ್ಬರಿಗಿಂತ ಹೆಚ್ಚು ಜನರೊಡನೆ ನಂಟು ಬೆಳೆದಿರುತ್ತದೆಂದು ತೋರಿಸಿದರು. 1972ರಲ್ಲಿ ಮೈಕೇಲ್ ರಟರ್ ಇಡೀ ವಾದವನ್ನೇ ಮರುಪರಿಶೀಲಿಸಿದ: ನಂಟು ಬೆಳೆದು ಅಗಲುವುದು ಬೇರೆ, ನಂಟೇ ಇಲ್ಲದೆ ಬೆಳೆಯುವುದು ಬೇರೆ. ಬೌಲ್ಬಿಯಾದರೂ ತನ್ನ ವರದಿಯಲ್ಲಿ ‘ತಾಯಿ ಅಥವಾ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರು’ ಎಂಬರ್ಥದ ಮಾತನ್ನೇ ಬಳಸಿದ್ದ. ಆ ಸ್ಥಾನದಲ್ಲಿ ನನಗೆ ಅಜ್ಜಿ ಇದ್ದಳು. ಅವಳ ಸೆರಗಿನ ಹಿಂದೆ ಅಡಗಲು ಜಾಗವಿತ್ತು. ಅದೇನು ಸಣ್ಣ ಭಾಗ್ಯವೆ?

ಮರುದಿನ ಭಾನುವಾರ. ಅಮ್ಮ ಕಿಟಕಿಯ ಬಳಿ ಕುಳಿತು ಮೊಮ್ಮಗಳ ಹೊಸ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಅದು ಮಗುವಿನ ಪಾದವನ್ನೂ ಮುಚ್ಚುವಷ್ಟು ಉದ್ದವಿತ್ತು. ಮಾತು ಹೇಗೆ ಆರಂಭಿಸಬೇಕೆಂದು ತಿಳಿಯದೆ, “ನನಗೂ ನೀನು ಹೀಗೇ ತರುತ್ತಿದ್ದೆ, ಅಲ್ಲವೇನಮ್ಮ? ದಸರೆಯ ಅಂಗಿ ಮೊಣಕಾಲಿಗೆ ಬರುತ್ತಿತ್ತು. ಶಾಲೆಯಲ್ಲಿ ಹುಡುಗರೆಲ್ಲ ನಗುತ್ತಿದ್ದರು” ಎಂದೆ.

ಅಮ್ಮ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. “ನಿನ್ನ ಅಳತೆ ನನ್ನ ಹತ್ತಿರ ಎಲ್ಲಿತ್ತೋ? ಜೂನಿನಲ್ಲಿ ಬಿಟ್ಟು ಹೋದಾಗ ನನ್ನ ಸೊಂಟದ ಹತ್ತಿರ ಬರುತ್ತಿದ್ದೆ. ಅಲ್ಲಿ ಒಂದನೇ ಕ್ಲಾಸಿನಲ್ಲಿ ನಿನ್ನಷ್ಟೇ ಇದ್ದ ಹುಡುಗ ಒಬ್ಬನಿದ್ದ. ಅವನನ್ನು ನಿಲ್ಲಿಸಿ ಟೇಪು ಹಿಡಿಯುತ್ತಿದ್ದೆ. ಆಮೇಲೆ, ಇವನು ಹೀಗಿದ್ದರೆ ಅವನು ಇನ್ನೂ ಒಂದಿಷ್ಟು ಬೆಳೆದಿರುತ್ತಾನೇನೋ ಅಂತ ಎರಡು ಅಂಗುಲ ಸೇರಿಸಿ ಹೊಲಿಸುತ್ತಿದ್ದೆ. ದೊಡ್ಡದಾದರೆ ಮುಂದಿನ ವರ್ಷಕ್ಕೆ ಆದೀತು. ಅಷ್ಟು ದೂರದಿಂದ ಬಂದು, ತಂದದ್ದು ನಿನಗೆ ಸಾಲದೆ ಹೋದರೆ?”

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದಳು: “ಮಕ್ಕಳು ಮರೆಯುತ್ತವೆ ಅಂದೆನಲ್ಲ, ಅದು ನಾನು ನನಗೆ ಹೇಳಿಕೊಂಡ ಮಾತು ಕಣೋ. ಹಾಗೆ ಅಂದುಕೊಳ್ಳದೆ ಇದ್ದಿದ್ದರೆ ಆ ಬಸ್ಸು ಹತ್ತುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ.”

ಬೆಳವಣಿಗೆಗೆ ಟೇಪುಂಟು, ವಿಕಾಸಕ್ಕಿಲ್ಲ ಎಂದು ನಾನು ಹೆಂಡತಿಗೆ ಪಾಠ ಹೇಳಿದ್ದೆ. ಕಣ್ಣೆದುರಿಗಿಲ್ಲದ ಮಗನನ್ನು ಯಾರದೋ ಮಗನ ಮೈಮೇಲೆ ಅಳೆದು, ಮೇಲೆ ಎರಡು ಅಂಗುಲ ಸೇರಿಸಿದವಳ ಟೇಪು ಯಾವುದನ್ನು ಅಳೆಯುತ್ತಿತ್ತು?

ಇಲ್ಲಿ ನನ್ನ ವೃತ್ತಿಯ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಕನ್ನಡದಲ್ಲಿ ‘ಸಾಕು’ ಎಂಬುದು ಒಂದು ವಿಚಿತ್ರವಾದ ಮಾತು. ಸಾಕು ಎಂದರೆ ಪೋಷಿಸು. ಸಾಕು ಎಂದರೆ ಇಷ್ಟಿದ್ದರೆ ಆಯಿತು, ಇನ್ನು ಬೇಡ. ಎರಡರ ಉಚ್ಚಾರವೂ ಒಂದೇ. ನಿಘಂಟಿನಲ್ಲಿ ಇವು ಬೇರೆಬೇರೆಯಾಗಿ ನಿಂತರೂ, ನಾಲಗೆಯ ಮೇಲೆ ಅಕ್ಕಪಕ್ಕದಲ್ಲೇ ಇವೆ. ಲಂಡನ್ನಿನಲ್ಲಿ ಮಕ್ಕಳ ವೈದ್ಯನಾಗಿದ್ದ ಡೊನಾಲ್ಡ್ ವಿನ್ನಿಕಾಟ್ (1896–1971) ಎಂಬವನು ಬಿಬಿಸಿ ರೇಡಿಯೋದಲ್ಲಿ ತಾಯಂದಿರಿಗಾಗಿ ಎಷ್ಟೋ ಭಾಷಣಗಳನ್ನು ಮಾಡಿದ. ಮಗುವಿಗೆ ಪರಿಪೂರ್ಣಳಾದ ತಾಯಿ ಬೇಕಿಲ್ಲ, ‘ಸಾಕೆನ್ನುವಷ್ಟು ಒಳ್ಳೆಯ’ ತಾಯಿಯಿದ್ದರೆ ಆಯಿತೆಂಬುದು ಆತನ ಪ್ರಸಿದ್ಧವಾದ ಮಾತು. ಮೊದಮೊದಲು ಮಗುವಿನ ಬೇಡಿಕೆಗೆಲ್ಲ ಒದಗುವ ತಾಯಿ, ಮಗುವಿನ ಶಕ್ತಿ ಬೆಳೆದಂತೆ ಸ್ವಲ್ಪಸ್ವಲ್ಪವೇ ತಪ್ಪುತ್ತ ಹೋಗಬೇಕಂತೆ. ಆ ತಪ್ಪುವಿಕೆಯ ಸಂದಿನಲ್ಲೇ ಮಗು ಲೋಕವನ್ನು ಕಾಣುವುದಂತೆ. ಆತನಿಗೆ ಕನ್ನಡ ಬರುತ್ತಿದ್ದರೆ ಅಷ್ಟು ಭಾಷಣದ ಅವಶ್ಯಕತೆಯಿರಲಿಲ್ಲ. ಒಂದು ಪದದಲ್ಲಿ ಮುಗಿಯುತ್ತಿತ್ತು.

ಹಾಗೆಂದು ನಾನು ಅನುಭವಿಸಿದುದು ಸುಳ್ಳೆಂದಲ್ಲ. ಮೂರು ವರ್ಷದ ಅಗಲಿಕೆ ನಾಲ್ಕು ವರ್ಷದ ಮಗುವಿಗೆ ಅಳತೆ ಮೀರಿದ ತಪ್ಪುವಿಕೆಯೇ. ಬಸ್ ನಿಲ್ದಾಣದ ಅಂಜಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಪ್ರಾಯಶಃ ಬಿಡುವುದೂ ಇಲ್ಲ. ಸಿದ್ಧಾಂತಗಳು ಅದಕ್ಕೊಂದು ಹೆಸರು ಕೊಟ್ಟುವು. ಆ ಉಪಕಾರ ದೊಡ್ಡದು. ಆದರೆ ಹೆಸರು ಕೊಡುವುದು ಬೇರೆ, ತೀರ್ಪು ಕೊಡುವುದು ಬೇರೆ. ನಾವು ಹೇಗೆ ಬೆಳೆದೆವೆಂಬುದನ್ನು ತಿಳಿಯಹೊರಟವನು, ನಮ್ಮನ್ನು ಬೆಳೆಸುತ್ತಿದ್ದಾಗ ಅವರು ತಾವು ಹೇಗೆ ಬೆಳೆಯುತ್ತಿದ್ದರೆಂಬುದನ್ನೂ ಕೇಳಬೇಕು. ಕೇಳುವುದಕ್ಕೆ ಅವರು ಇನ್ನೂ ಇರುವಾಗಲೇ ಕೇಳಬೇಕು.

ಅಂದು ರಾತ್ರಿ ಊಟಕ್ಕೆ ಕುಳಿತೆವು. ನಾನು ಕ್ಷಮೆ ಕೇಳಲಿಲ್ಲ. ನಮ್ಮ ಮನೆಗಳಲ್ಲಿ ತಾಯಿಮಕ್ಕಳು ಹಾಗೆಲ್ಲ ಕೇಳುವ ಪದ್ಧತಿಯಿಲ್ಲ. ಮಜ್ಜಿಗೆಯ ಹೊತ್ತಿಗೆ ನಾನೇ ತಟ್ಟೆಯನ್ನು ಮುಂದೆ ಸರಿಸಿದೆ. ಅಮ್ಮ ಬಡಿಸಿ, “ಸಾಕೇನೋ?” ಎಂದಳು.

“ಸಾಕಮ್ಮ” ಎಂದೆ.

ಆಕೆ ಎಂದಿನಂತೆ ಇನ್ನೊಂದು ಸೌಟು ಬಡಿಸಿದಳು.